ಕಪ್ಪೆರಾಯನ ಪುರಾಣ ಹಚ್ಚಿದ ವರ್ಷ

ಮೊನ್ನೆ ಶಹಾಪುರದ ಬಸ್ ನಿಲ್ದಾಣದಲ್ಲಿ ಮಳೆ ಹಿಡಿಯಿತು. ಸುರಪುರದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಗಡಿನ ಕೆಳಗೆ ಒತ್ತಿಕೊಂಡು ನಿಂತೆವು. ನನ್ನ ಪಕ್ಕಕ್ಕೆ ಬಂದ ಹಿರಿಯರೊಬ್ಬರು ಹೆಗಲ ಮೇಲಿನ ಕರಿ ಕಂಬಳಿಯನ್ನು ಒಮ್ಮೆ ಜಾಡಿಸಿದರು. ನೆನೆದ ಕಂಬಳಿಯ ಆ ವಾಸನೆ! ಕುರಿ, ಮಣ್ಣು, ಒಲೆಯ ಹೊಗೆ ಎಲ್ಲ ಸೇರಿದ ಘಾಟು. ಕಾಲೇಜಿನ ಹುಡುಗಿಯೊಬ್ಬಳು ಮೂಗಿಗೆ ದುಪಟ್ಟಾ ಅಡ್ಡ ಹಿಡಿದಳು. ನಾನು ಮಾತ್ರ ಇನ್ನೊಂದು ಹೆಜ್ಜೆ ಹತ್ತಿರ ಸರಿದು ಮೂಗಿನ ತುಂಬ ಎಳೆದುಕೊಂಡೆ. ಹಿರಿಯರು ನನ್ನನ್ನು ಸಂಶಯದಿಂದ ನೋಡಿದರು.

"ಯಾಕವ್ವ, ಏನಾಗ್ಯಾದ?"

"ಏನಿಲ್ರಿ ಅಜ್ಜಾರ, ಒಂದು ಪುರಾಣ ನೆನಪಾತ್ರಿ."

"ಯಾವ ಪುರಾಣ?"

ಅಷ್ಟರಲ್ಲಿ ಬಸ್ಸು ಬಂತು. ಸೀಟು ಹಿಡಿಯುವ ಗದ್ದಲದಲ್ಲಿ ಅವರು ಎಲ್ಲೋ, ನಾನು ಎಲ್ಲೋ. ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಮಾತು ಒಳಗೇ ಇಟ್ಟುಕೊಂಡರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ.

ಅದು ನನ್ನ ಮೊದಲ ನೌಕರಿಯ ವರ್ಷ. ಯಾದಗಿರಿ ತಾಲ್ಲೂಕಿನಲ್ಲಿ, ಬಳಿಚಕ್ರ ದಾಟಿ ಇನ್ನೂ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನ ಶಾಲೆ. ಮಳೆ ನಂಬಿಕೊಂಡ ಹೊಲಗಳು, ಹೆಸರು, ತೊಗರಿ, ಜೋಳ. ಊರ ಹಿಂದೆ ಬಂಡೆಗಲ್ಲಿನ ಗುಡ್ಡ. ಅರ್ಧ ಊರು ಹೊಲದವರದು, ಅರ್ಧ ಊರು ಕುರಿಯವರದು. ಸುರಪುರದಲ್ಲಿ ಹುಟ್ಟಿ ಬೆಳೆದವಳೆಂಬ ಸಣ್ಣ ಜಂಬ ನನಗೆ ಇತ್ತು. ಮೊದಲ ವಾರದ ಕೆಸರಿನಲ್ಲಿ ಎರಡು ಸಲ ಚಪ್ಪಲಿ ಕಿತ್ತುಹೋದ ಮೇಲೆ ಅದು ಇಳಿಯಿತು. ಬಸಯ್ಯ ಅಯ್ನೋರ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದೆ. ಅಯ್ನೋರು ಊರ ಮಠದಲ್ಲಿ ಪೂಜೆ ಮಾಡುತ್ತಿದ್ದರು. ಅವರ ದನಿ ಎಂಥದೆಂದರೆ, ಹಿತ್ತಲಿನಲ್ಲಿ ನಿಂತು ಹೆಂಡತಿಯನ್ನು ಕರೆದರೆ ಊರ ಬಾಗಿಲಲ್ಲಿ ಯಾರೋ ಓ ಅನ್ನುತ್ತಿದ್ದರು.

ನನಗೊಂದು ಚಟವಿದೆ, ಹುರುಪು. ಯಾರಾದರೂ ಹೊಸದೊಂದು ಕೆಲಸ ಹೇಳಿದರೆ ಸಾಕು, ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತೇನೆ. ನಮ್ಮವ್ವ ಇದಕ್ಕೆ "ಕರೀಲಾರದ ಮದುವಿಗೆ ಓಡಾಟ" ಎಂದು ಹೆಸರಿಟ್ಟಿದ್ದಾಳೆ. ಶ್ರಾವಣದ ಆರಂಭದಲ್ಲಿ ಯಾದಗಿರಿಯಲ್ಲಿ ಶಿಕ್ಷಕರ ಸಭೆಯಾಯಿತು. ಚಿಕ್ಕ ಮಕ್ಕಳಿರುವ ಮನೆಗಳಿಗೆ ಹೋಗಿ ಒಂದು ಮಾತು ಕೇಳಿಕೊಂಡು ಬರಬೇಕೆಂದು ಅಲ್ಲಿ ಹೇಳಿದರು. ತಂದೆ ತಾಯಿ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆಯೇ? ಎಷ್ಟು ಸಲ? ದಿನಾಲೂ, ವಾರಕ್ಕೊಮ್ಮೆ, ಯಾವಾಗಲೋ ಒಮ್ಮೆ, ಅಥವಾ ಇಲ್ಲವೇ ಇಲ್ಲ. ಹಿಂದಿನ ಸಾಲಿನ ಒಬ್ಬ ಮಾಸ್ತರರು ನಕ್ಕು, "ನಮ್ಮ ಕಡೆ ಯಾರು ಓದತಾರ್ರಿ? ಇಲ್ಲವೇ ಇಲ್ಲ ಅಂತ ಬರದು ಕಳಸ್ರಿ, ಅಡ್ಡಾಡೋ ತಕ್ಲೀಫ್ ಉಳೀತದ" ಅಂದರು. ನನಗೆ ಅಡ್ಡಾಡುವುದೇ ಖುಷಿ. ಮರುದಿನವೇ ಜಿಟಿಜಿಟಿ ಮಳೆಯಲ್ಲಿ ಸೆರಗು ತಲೆಯ ಮೇಲೆ ಹೊದ್ದು ಹೊರಟೆ.

ಮೊದಲನೆಯ ಮನೆಯ ತಾಯಿ, "ದಿನಾ ಕೇಳತಾವ್ರಿ ಕೂಸುಗೋಳು" ಅಂದಳು. ಎರಡನೆಯ ಮನೆಯಲ್ಲೂ ದಿನಾ. ಮೂರನೆಯ ಮನೆಯ ಅಜ್ಜಿ, ನಾನು ಕೇಳಿದ ಪ್ರಶ್ನೆಯೇ ಅಪಮಾನ ಎಂಬಂತೆ, "ದಿನಾ ಅಲ್ದ ಮತ್ತೇನ? ಒಂದು ದಿನ ಬಿಟ್ಟರ ನಡೀತದೇನು?" ಎಂದು ನನ್ನನ್ನೇ ಗದರಿದಳು. ಓಣಿ ಮುಗಿಯುವ ಹೊತ್ತಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಇಡೀ ಜಿಲ್ಲೆಯಲ್ಲಿ ಇಂಥ ಊರು ಇನ್ನೊಂದಿದೆಯೇ! ಓಡುತ್ತ ಶಾಲೆಗೆ ಬಂದು ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಟೀಚರ್, ಯಾವ ಪುಸ್ತಕ ಅಂತ ಕೇಳಿದಿರೇನು?" ಅಂದರು.

ಕೇಳಿರಲಿಲ್ಲ. ಸಂಜೆ ಓಣಿಯ ಕೊನೆಯ ಮನೆಯ ದೇವಮ್ಮ ನೀರಿನ ಕೊಡ ಹೊತ್ತು ಎದುರಾದಳು. ಕೊಡದ ಹಿಂದೆಯೇ ಅವಳ ನಾಲ್ಕು ವರ್ಷದ ಮಗಳು ಐಶ್ವರ್ಯಾ. ಊರವರ ಬಾಯಲ್ಲಿ ಅವಳು ಐಸೂರಿ.

"ದೇವಮ್ಮ, ಮಗಳಿಗೆ ದಿನಾ ಏನು ಓದಿ ಹೇಳತೀರಿ?"

"ನಾವೆಲ್ಲಿ ಓದೂಣ್ರಿ ಟೀಚರ್ರಿ? ಅಯ್ನೋರು ಓದತಾರಲ್ರಿ, ಮಠದಾಗ, ಪುರಾಣ. ನಾವು ಕೂಸಿನ ತೊಡಿ ಮ್ಯಾಲೆ ಹಾಕ್ಕೊಂಡು ಕೇಳತೀವಿ. ಶ್ರಾವಣ ಮುಗಿಯೂತನ ದಿನಾ."

"ಮತ್ತ ಮನ್ಯಾಗ?"

ದೇವಮ್ಮ ಕೊಡ ಅಲುಗುವಷ್ಟು ನಕ್ಕಳು. "ಮನ್ಯಾಗ ಯಾರರ ಪುರಾಣ ಹಚ್ಚತಾರೇನ್ರಿ!"

ನಾನು ಕೇಳಿದ್ದು ಒಂದು, ಅವರು ಹೇಳಿದ್ದು ಇನ್ನೊಂದು. ಗಟ್ಟಿಯಾಗಿ ಓದುವುದು ಎಂದರೆ ಆ ಊರಿಗೆ ಒಂದೇ ಅರ್ಥ. ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಸಂಜೆ ಕೆಲಸ ಮುಗಿಸಿ, ಕಾಲು ತೊಳೆದುಕೊಂಡು ಎಲ್ಲರೂ ಸೇರುತ್ತಾರೆ. ಒಬ್ಬರು ರಾಗವಾಗಿ ಒಂದು ಪದ್ಯ ಓದುತ್ತಾರೆ. ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಅದರ ಅರ್ಥವನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ಓದುವವರು ಬೇರೆ, ಅರ್ಥ ಹೇಳುವವರು ಬೇರೆ. ಕೊನೆಯ ದಿನ ತೆಂಗಿನಕಾಯಿ ಒಡೆದು, ಹುಗ್ಗಿ ಉಂಡು, ಪುರಾಣ ಮಂಗಲ. ಸುರಪುರದಲ್ಲಿ ನಾನೂ ಅಜ್ಜಿಯ ತೊಡೆಯ ಮೇಲೆ ಮಲಗಿ ಇದನ್ನು ಕೇಳಿದವಳೇ. ಆದರೂ ಹೊಳೆಯಲಿಲ್ಲ. ಅಂದು ನನ್ನ ಖೋಲಿಯಲ್ಲಿ ಒಬ್ಬಳೇ ಕುಳಿತು ಮನಸಾರೆ ನಕ್ಕೆ.

ನಕ್ಕು ಮುಗಿದ ಮೇಲೆ ಹುರುಪು ಮತ್ತೆ ಏರಿತು. ಶಾಲೆಯ ಕಪಾಟಿನಲ್ಲಿ ಬಣ್ಣಬಣ್ಣದ ಚಿತ್ರದ ಪುಸ್ತಕಗಳಿದ್ದವು, ಹರಿದುಹೋದಾವು ಎಂದು ಯಾರೂ ಮುಟ್ಟಿರಲಿಲ್ಲ. ಅವುಗಳನ್ನು ಸೆರಗಿನಲ್ಲಿ ತುಂಬಿಕೊಂಡು ಮನೆಮನೆಗೆ ಹೋಗಿ, "ಮಕ್ಕಳಿಗೆ ಇದನ್ನ ಓದಿ ಹೇಳ್ರಿ" ಎಂದು ಕೊಟ್ಟು ಬಂದೆ. ಅಷ್ಟೇ ನಾನು ಮಾಡಿದ್ದು. ಉಳಿದದ್ದನ್ನೆಲ್ಲ ಊರೇ ಮಾಡಿತು, ತನಗೆ ಗೊತ್ತಿದ್ದ ರೀತಿಯಲ್ಲಿ. ಮರುದಿನ ಸಂಜೆ ಓಣಿಗೆ ಹೋದರೆ, ಒಂದು ಕಟ್ಟೆಯನ್ನು ಸಾರಿಸಿ ಕಂಬಳಿ ಹಾಸಿದ್ದಾರೆ. ಜೋಳ ಅಳೆಯುವ ಸೇರನ್ನು ಬೋರಲು ಹಾಕಿ, ಮೇಲೆ ಮಡಿ ಬಟ್ಟೆ ಹೊದಿಸಿ, ಅದರ ಮೇಲೆ ಪುಸ್ತಕ. ಪುಸ್ತಕದ ಮುಖಪುಟದಲ್ಲಿದ್ದ ಆನೆಯ ಹಣೆಗೆ ವಿಭೂತಿ! ಐದನೆತ್ತ, ಅಂದರೆ ಐದನೆಯ ತರಗತಿಯವರೆಗೆ, ಓದಿದ ಸೊಸೆ ತಲೆಯ ಮೇಲೆ ಸೆರಗು ಹೊದ್ದು ಓದುತ್ತಿದ್ದಾಳೆ. ಅಕ್ಷರವೇ ಬಾರದ ಅತ್ತೆ ಪಕ್ಕದಲ್ಲಿ ಗತ್ತಿನಿಂದ ಕುಳಿತು ಅರ್ಥ ಹೇಳುತ್ತಿದ್ದಾಳೆ. ಮೊಮ್ಮಕ್ಕಳು ಸಾಲಾಗಿ ಕುಳಿತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾರೆ.

ಇಷ್ಟೆಲ್ಲ ಬೇಕಾಗಿಲ್ಲ, ಸುಮ್ಮನೆ ಓದಿದರೂ ಆಗುತ್ತದೆ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಓದಲು ಬಾರದವರಿಗೆ ಅಲ್ಲಿ ನಾಚಿಕೆಯೇ ಇರಲಿಲ್ಲ, ಅವರಿಗೂ ಒಂದು ಜಾಗವಿತ್ತು. ನನ್ನ ರೀತಿಯಲ್ಲಿ ಹೇಳಿಕೊಟ್ಟಿದ್ದರೆ ಆ ಅತ್ತೆ ಒಳಗೆ ರೊಟ್ಟಿ ಬಡಿಯುತ್ತ ಉಳಿಯುತ್ತಿದ್ದಳು.

ಹೀಗೆ ನಾಲ್ಕಾರು ಕಟ್ಟೆಗಳಲ್ಲಿ ಪುರಾಣ ಹಚ್ಚಿದ ವಾರವೇ ದೇವಮ್ಮನ ಗಂಡ ಮಾಳಪ್ಪ ಶಾಲೆಯ ಗೇಟಿಗೆ ಬಂದ. ಹೆಗಲ ಮೇಲೆ ನೆನೆದ ಕಂಬಳಿ, ಕೈಯಲ್ಲಿ ಕೋಲು. ಹಿಂದೆ ಬೀಳುಭೂಮಿಯಲ್ಲಿ ಅವನ ಕುರಿ ಮೇಯುತ್ತಿದ್ದವು. ಒಳಗೆ ಬನ್ನಿ ಎಂದರೆ ಬರಲೊಲ್ಲ. ಗೇಟಿನ ಸರಳು ಹಿಡಿದು ನಿಂತೇ ಕೇಳಿದ.

"ಟೀಚರ್ರಿ, ಭಾಳ ನಿಧಾನ ಓದಿದರ ನಡೀತದೇನ್ರಿ?"

"ಎಷ್ಟು ನಿಧಾನ, ಮಾಳಪ್ಪಣ್ಣ?"

"ನಾಕನೆತ್ತಕ್ಕ ಸಾಲಿ ಬಿಟ್ಟೀನ್ರಿ. ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಅಷ್ಟು ನೆನಪದ. ಕೂಡಿಸಿ ಓದಾಕ ಹೋದರ ಸಂಜೀತನ ಒಂದ ಸಾಲು ಆಗತದ."

ನಡೆಯುತ್ತದೆ, ಅವಸರವೇನಿದೆ ಅಂದೆ. ಅವನು ಕೋಲಿನ ತುದಿಯಿಂದ ನೆಲ ಕೆದರಿದ.

"ಅವಸರ ಅದರೀ. ದೀಪಾವಳಿ ಆದ ಮ್ಯಾಲೆ ಕುರಿ ಹೊಡಕೊಂಡು ಕೃಷ್ಣಾ ಕಡೆ ಹೋಗತೀವಿ. ಬರೋದು ಯುಗಾದಿಗೆ. ಹೋದ ಸಲ ಬಂದಾಗ ಮಗಳು ಬಾಗಲದಾಗ ಆಡಾಕತ್ತಿದ್ದಳ್ರಿ. ಎತ್ಕೊಳ್ಳಾಕ ಹೋದರ ಚಿಟ್ಟನ ಚೀರಿ ಒಳಗ ಓಡಿದಳು. 'ಯವ್ವಾ, ಯಾರೋ ಬಂದಾನ' ಅಂದಳ್ರಿ. ಯಾರೋ! ಮಗಳಿಗೆ ನಾ ಯಾರೋ ಆದೆ ನೋಡ್ರಿ. ಫೋನ್ ಹಚ್ಚಿದರ ಆಕಿ ಮಾತೇ ಆಡಂಗಿಲ್ಲ, ಫೋನ್ ಬಿಟ್ಟು ಓಡತಾಳ. ಈ ಸಲ ಹೋಗೋದರಾಗ ಒಂದ ಪುಸ್ತಕ, ಒಂದ ಆದರೂ, ನಾನ ಪೂರಾ ಓದಿ ಹೇಳಿ ಹೋಗಬೇಕ್ರಿ. ನನ್ನ ಮಾರಿ ಮರೆತರೂ ದನಿಯರ ನೆನಪಿರತದ."

ಇಷ್ಟನ್ನು ಹೇಳಿ ಮುಗಿಸುವಾಗ ಅವನು ನನ್ನನ್ನು ನೋಡದೆ ಕುರಿಗಳನ್ನು ನೋಡುತ್ತಿದ್ದ. ನನಗೆ ಹುರುಪು ಉಕ್ಕಿತು. ಓಡಿ ಹೋಗಿ ಕಪಾಟಿನಲ್ಲಿ ಉಳಿದದ್ದರಲ್ಲೇ ಸಣ್ಣದಾದ ಪುಸ್ತಕ ತಂದೆ. ಪುಟಕ್ಕೆ ಎರಡು ಸಾಲು, ಉಳಿದದ್ದೆಲ್ಲ ಚಿತ್ರ. ಒಬ್ಬ ಕಪ್ಪೆರಾಯ, ಅವನಿಗೆ ಮಳೆಯಲ್ಲಿ ಒಂದು ಛತ್ರಿ ಬೇಕು, ಅಷ್ಟೇ ಕಥೆ.

ಅಂದಿನಿಂದ ಮಧ್ಯಾಹ್ನ ಮಕ್ಕಳು ಊಟಕ್ಕೆ ಕುಳಿತಾಗ ಮಾಳಪ್ಪ ಗೇಟಿನ ಹೊರಗೆ, ನಾನು ಒಳಗೆ. ಕಪ್ಪೆರಾಯ ಎಂಬ ಮೊದಲ ಹೆಸರಿಗೇ ಅವನು ಎಡವಿದ. ಪೆ ಕೆಳಗೆ ಇನ್ನೊಂದು ಪ ಯಾಕೆ ಕುಳಿತಿದೆ ಎಂದು ಅವನಿಗೆ ಮರೆತೇ ಹೋಗಿತ್ತು. ಒತ್ತಕ್ಷರ ಎಂದು ನಾನು ಎಷ್ಟು ತಿಳಿಸಿ ಹೇಳಿದರೂ ಹತ್ತಲಿಲ್ಲ. ಕೊನೆಗೆ ಅವನೇ ಪುಟವನ್ನು ಅತ್ತ ಇತ್ತ ತಿರುಗಿಸಿ, ಮುಖ ಅರಳಿಸಿ, "ಹಾಂ! ಪ ಮರಿ ಹಾಕ್ಯಾದ್ರಿ!" ಅಂದ.

ತಾಯಿ ಅಕ್ಷರ, ಅದರ ಕೆಳಗೆ ಮೊಲೆಗೆ ಬಿದ್ದ ಮರಿ ಅಕ್ಷರ. ಅಷ್ಟಾದ ಮೇಲೆ ಅಪ್ಪ, ಅಣ್ಣ, ಎಲ್ಲವೂ ಸಲೀಸು. ಛತ್ರಿಗೆ ಬಂದಾಗ ಮಾತ್ರ ಮತ್ತೆ ನಿಂತ. ತ ಕೆಳಗೆ ತ ಇಲ್ಲ, ಇನ್ನೇನೋ ಇದೆ. ಅದು ರ ಎಂದು ಹೇಳಿದೆ. ಮಾಳಪ್ಪ ತಲೆಯಾಡಿಸಿದ.

"ತಾಯಿ ಬ್ಯಾರೆ, ಮರಿ ಬ್ಯಾರೆ. ಪರರ ಮರೀರಿ ಇದು. ಜಲ್ದಿ ಹಾಲು ಕುಡಸಂಗಿಲ್ಲ ತಾಯಿ. ತಡೀರಿ, ರೂಢಿ ಮಾಡಸ್ತೀನಿ."

ಆ ವರ್ಷ ನನ್ನ ಒಂದನೆಯ ತರಗತಿಗೆ ಒತ್ತಕ್ಷರವನ್ನು ನಾನು ಹೀಗೇ ಕಲಿಸಿದೆ. ಮಕ್ಕಳು ಬಳಪ ಹಿಡಿದು ಪಾಟಿಯ ಮೇಲೆ ಮರಿ ಹಾಕಿಸಿದ್ದೇ ಹಾಕಿಸಿದ್ದು.

ಮಾಳಪ್ಪನ ಕಟ್ಟೆಯ ಮೇಲೆ ಪುರಾಣ ಹಚ್ಚಿದ ಮೊದಲ ಸಂಜೆಯನ್ನು ನಾನು ಜನ್ಮದಲ್ಲಿ ಮರೆಯಲಾರೆ. ಅವನು ಓದುವವನು, ದೇವಮ್ಮ ಅರ್ಥ ಹೇಳುವವಳು, ಐಸೂರಿ ಇಬ್ಬರ ನಡುವೆ. ಮಳೆ ಬಿಟ್ಟಿತ್ತು, ಪಶ್ಚಿಮಕ್ಕೆ ಸ್ವಲ್ಪ ಬಿಸಿಲು ಬಿದ್ದಿತ್ತು. ಮಾಳಪ್ಪ ಬೆರಳನ್ನು ಅಕ್ಷರದ ಕೆಳಗಿಟ್ಟು, "ಒಂ... ದು... ಊ... ರಿ... ನ..." ಎಂದು ಹೊರಟ. ಒಂದೊಂದು ಅಕ್ಷರಕ್ಕೂ ಉಸಿರು ಎಳೆದುಕೊಳ್ಳುತ್ತಿದ್ದ. ಹಣೆಯ ಮೇಲೆ ಬೆವರು. ದೇವಮ್ಮನಿಗೆ ತಾಳ್ಮೆ ಎಲ್ಲಿಯದು? ಚಿತ್ರ ನೋಡಿದವಳೇ ಶುರು ಮಾಡಿದಳು.

"ಕೇಳವ್ವ ಐಸೂರಿ, ಒಂದು ಕಪ್ಪಿ ಇತ್ತು. ಮಳಿ ಬಂತು. ಅದಕ್ಕ ಛತ್ರಿ ಬೇಕಂತ. ನೀರಾಗಿರೋ ಕಪ್ಪಿಗೆ ಛತ್ರಿ ಯಾಕ ಬೇಕು? ಶೋಕಿ!"

"ಏ, ತಡಿ! ನಾ ಇನ್ನೂ ಊರ ದಾಟಿಲ್ಲ, ನೀ ಛತ್ರಿತನ ಹೋಗೀದಿ!"

"ನೀ ಊರು ದಾಟೂದರಾಗ ಆಕಿ ಲಗ್ನಕ್ಕ ಬರತಾಳ!"

"ಓದಿದ ಮ್ಯಾಲೆ ಅರ್ಥ. ಮಠದಾಗ ಹೆಂಗ, ಇಲ್ಲೂ ಹಂಗ."

ಓಣಿಯೆಲ್ಲ ನಕ್ಕಿತು. ದೇವಮ್ಮ ತುಟಿ ಬಿಗಿದು ಕಾದಳು. ಮಾಳಪ್ಪ ಮತ್ತೆ ಅಕ್ಷರ ಹಿಡಿದ. "ಕ... ಪ್ಪೆ... ರಾ... ಯ." ಐಸೂರಿ ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಅವನು ಉಸಿರೆಳೆದರೆ ಅವಳೂ ಎಳೆಯುತ್ತಿದ್ದಳು. ಒಂದು ಶಬ್ದ ಪೂರ್ತಿಯಾದರೆ ಚಪ್ಪಾಳೆ. ಆ ಸಂಜೆ ಒಂದು ಸಾಲು ಆಯಿತು. ಮಾಳಪ್ಪ ಪುಸ್ತಕ ಮುಚ್ಚಿ ಹಣೆಗೆ ಒತ್ತಿಕೊಂಡ.

ಎರಡು ದಿನದಲ್ಲಿ ಇದು ಊರಿಗೇ ಗೊತ್ತಾಯಿತು. ಉಳಿದ ಕಟ್ಟೆಗಳಲ್ಲಿ ಓದುವವರು ಸರಸರ ಓದಿ ಪುಸ್ತಕ ಬದಲಿಸುತ್ತಿದ್ದರು; ಜನ ಸೇರುತ್ತಿದ್ದದ್ದು ಮಾತ್ರ ಮಾಳಪ್ಪನ ಕಟ್ಟೆಗೆ. ಕುಸ್ತಿ ನೋಡುವವರ ಹಾಗೆ ಸುತ್ತ ನಿಂತು ಹುಮ್ಮಸ್ಸು ತುಂಬುತ್ತಿದ್ದರು. "ಹಾಂ, ಹಾಂ, ಬಿಡಬ್ಯಾಡ ಮಾಳಪ್ಪ, ಅದ ಆ ಅಕ್ಷರ, ಹಿಡಿ!" ಛತ್ರಿ ಶಬ್ದವನ್ನು ಅವನು ಮೊದಲ ಸಲ ತಡೆಯದೆ ದಾಟಿದ ದಿನ ಯಾರೋ ಸಿಳ್ಳೆ ಹೊಡೆದರು. ನಾನೇ ಇರಬಹುದು, ಈಗ ಯಾಕೆ ಸುಳ್ಳು ಹೇಳಲಿ.

ಬಸಯ್ಯ ಅಯ್ನೋರಿಗೆ ಮಾತ್ರ ಈ ತಡವರಿಕೆ ತಡೆಯಲಾಗಲಿಲ್ಲ. ಜೀವಮಾನವೆಲ್ಲ ರಾಗವಾಗಿ ಓದಿದವರು. ಒಂದು ಸಂಜೆ ನಡುವೆಯೇ ಕೈ ಚಾಚಿ, "ಕೊಡೋ ಇಲ್ಲಿ, ಒಂದ ಉಸುರಿನಾಗ ಓದಿ ಮುಗಸ್ತೀನಿ, ಕೂಸು ಮಲಗಲಿ" ಅಂದರು. ಮಾಳಪ್ಪ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದ.

"ಸಿಟ್ಟಾಗಬ್ಯಾಡ್ರಿ ಅಯ್ನೋರ. ಮಠದಾಗಿಂದು ನಿಮ್ಮ ಪುರಾಣ. ಇದು ನನ್ನದು."

ಅಯ್ನೋರು ಸಿಟ್ಟಾಗಲಿಲ್ಲ. ಕಂಬಳಿಯ ಮೇಲೆ ಜಾಗ ಮಾಡಿಕೊಂಡು ಕುಳಿತು, "ಓದಪಾ" ಅಂದರು. ಅಲ್ಲಿಂದ ಮುಂದೆ ದಿನಾಲೂ ಬರುವವರಲ್ಲಿ ಅವರೇ ಮೊದಲಿಗರು.

ಭಾದ್ರಪದದ ಸಭೆಯಲ್ಲಿ ಯಾದಗಿರಿಯ ಸಾಹೇಬರು, "ನಿಮ್ಮೂರಾಗ ಎಷ್ಟು ಸಲ ಓದಿ ಹೇಳತಾರಮ್ಮ?" ಎಂದು ಕೇಳಿದರು. "ದಿನಾ ರೀ ಸರ್. ಆದರ ಒಬ್ಬರದು ದಿನಕ್ಕ ಒಂದ ಸಾಲು" ಅಂದೆ. ಅವರಿಗೆ ಯಾವ ಸಾಲಿನಲ್ಲಿ ಬರೆದುಕೊಳ್ಳಬೇಕೋ ತಿಳಿಯಲಿಲ್ಲ. ನಾನು ಕುಳಿತ ಕಡೆಯೇ ಮಾಳಪ್ಪನ ಕಥೆಯನ್ನು ಅಭಿನಯಿಸಿ ತೋರಿಸಿದೆ. ಅಡ್ಡಾಡುವ ತಕ್ಲೀಫ್ ಬೇಡ ಎಂದಿದ್ದ ಮಾಸ್ತರರು ಚಹಾದ ಹೊತ್ತಿಗೆ ಬಂದು, ಅಂಥ ಪುಸ್ತಕ ಎಲ್ಲಿ ಸಿಗುತ್ತವೆ ಎಂದು ವಿಚಾರಿಸಿದರು.

ಆಮೇಲೆ ಮಳೆ ಹಿಡಿದು ಹೊಡೆಯಿತು. ನೆಲ ಒಣಗಲೇ ಇಲ್ಲ. ಕೆಸರಿನಲ್ಲಿ ನಿಂತು ನಿಂತು ಕುರಿಗಳ ಗೊರಸು ಕೊಳೆತು ಕುಂಟತೊಡಗಿದವು. ಮಾಳಪ್ಪ ಹಗಲೆಲ್ಲ ಅವುಗಳ ಕಾಲು ತೊಳೆದು ಔಷಧಿ ಹಚ್ಚುವುದರಲ್ಲಿ ಹೈರಾಣಾದ. ಸಂಜೆ ಕಟ್ಟೆಗೆ ಬಂದರೂ ಬೆರಳು ಅಕ್ಷರದ ಮೇಲೆ, ಕಣ್ಣು ಮುಚ್ಚುತ್ತಿತ್ತು. ಎಷ್ಟೋ ದಿನ ಓದೇ ಆಗಲಿಲ್ಲ. ಐಸೂರಿ ಸೇರನ್ನು ತಾನೇ ಬೋರಲು ಹಾಕಿ, ಬಟ್ಟೆ ಹೊದಿಸಿ ಕಾಯುತ್ತ ಕುಳಿತು ಅಲ್ಲೇ ನಿದ್ದೆ ಹೋಗುತ್ತಿದ್ದಳು. ನನಗಂತೂ ಕಪ್ಪೆರಾಯನ ಮೇಲೆಯೇ ಸಿಟ್ಟು ಬಂದಿತ್ತು. ಛತ್ರಿ ಸಿಗದೆ ಅಲ್ಲೇ ನಡುವೆ ನಿಂತುಬಿಟ್ಟಿದ್ದಾನೆ ಮುಠ್ಠಾಳ.

ದೀಪಾವಳಿ ಹತ್ತಿರ ಬಂತು. ನಮ್ಮ ಕಡೆ ಕುರಿಯವರಿಗೆ ಅದು ಹಟ್ಟಿ ಹಬ್ಬ, ಕುರಿಗಳಿಗೆ ಬಣ್ಣ ಹಚ್ಚಿ ಪೂಜೆ ಮಾಡುವ ದಿನ. ಹಬ್ಬ ಮುಗಿಸಿ ಎರಡು ವಾರ ಇದ್ದು ಹೊರಡುವುದು ರೂಢಿ. ಆ ಸಲ ಜೊತೆಗಾರರು, ಇಲ್ಲಿ ಹುಲ್ಲು ಕೊಳೆಯಾಕತ್ತದ, ಹಬ್ಬದ ಮರುದಿನವೇ ಹೊರಡೋಣ ಎಂದು ಗೊತ್ತು ಮಾಡಿಬಿಟ್ಟರು. ಸುದ್ದಿ ಕೇಳಿದಾಗ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ದೇವಮ್ಮ ಶಾಲೆಗೆ ಬಂದು, "ಉಳಿದದ್ದು ನೀವ ಓದಿ ಮುಗಸ್ರಿ ಟೀಚರ್ರಿ, ಇಂವ ಮನ್ಯಾಗ ಊಟ ಬಿಟ್ಟು ಕುಂತಾನ" ಅಂದಳು. ನಾನು ಒಲ್ಲೆ ಅಂದೆ. ನನ್ನ ದನಿ ಐಸೂರಿಗೆ ಏತಕ್ಕೆ ಬೇಕು?

ಹಬ್ಬದ ದಿನ ಮಧ್ಯಾಹ್ನ ಕುರಿಪೂಜೆ ಆದದ್ದೇ ಮಾಳಪ್ಪ ಕೈಗೆ ಹತ್ತಿದ ಬಣ್ಣವನ್ನೂ ತೊಳೆಯದೆ ಕಟ್ಟೆಗೆ ಬಂದು ಕುಳಿತ. ಓಣಿಯವರು ಹುಗ್ಗಿಯ ತಾಟು ಹಿಡಿದುಕೊಂಡೇ ಸೇರಿದರು. ದೇವಮ್ಮ ಅಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು, ಅವನು ಒಂದು ಪುಟ ಮುಗಿಸಿ ತಲೆ ಎತ್ತಿದ ಮೇಲೆಯೇ ಅರ್ಥ. ಇರುವೆ ಎಲೆ ಕೊಟ್ಟಿತು, ಕಪ್ಪೆರಾಯನಿಗೆ ಸಣ್ಣದಾಯಿತು. ಕೋಳಿ ರೆಕ್ಕೆ ಚಾಚಿತು, ಕಪ್ಪೆರಾಯನಿಗೆ ಹೆದರಿಕೆಯಾಯಿತು. ಮಾಳಪ್ಪನ ದನಿ ಒಣಗಿತು, ನೀರು ಕುಡಿದ, ಮತ್ತೆ ಹಿಡಿದ. ಕೊನೆಗೆ ಕಪ್ಪೆರಾಯನಿಗೆ ನಿಜವಾದ ಛತ್ರಿಯೇ ಸಿಕ್ಕಿತು, ಅದರ ಕೆಳಗೆ ಮೈ ಒಣಗಿ ಕೆರೆತ ಶುರುವಾಯಿತು. "ಛ... ತ್ರಿ... ಎ... ಸೆ... ದು... ಕ... ಪ್ಪೆ... ರಾ... ಯ... ಕು... ಣಿ... ದ." ಕುಣಿದ! ನಾವೂ ಕುಣಿದೆವು. ಅಯ್ನೋರು ತಾವಾಗಿಯೇ ಮಂಗಲದ ಹಾಡು ಎತ್ತಿ ಕಾಯಿ ಒಡೆದರು. ಐಸೂರಿ ಅಪ್ಪನ ಕೊರಳಿಗೆ ಜೋತುಬಿದ್ದು, "ಮತ್ತ ಓದು, ಮತ್ತ ಮೊದಲಿಂದ ಓದು" ಎಂದು ಗಂಟುಬಿದ್ದಳು.

ಮರುದಿನ ಬೆಳಿಗ್ಗೆ ಅವನು ಹೊರಟಾಗ ಪುಸ್ತಕವನ್ನು ಅವನ ಚೀಲಕ್ಕೇ ಹಾಕಿದೆ. ಅದು ಶಾಲೆಯ ಸೊತ್ತು; ಹೆಡ್‌ಮಾಸ್ತರರು ಗೋಡೆಯ ಕಡೆ ಮುಖ ಮಾಡಿ, ಕಾಣದವರಂತೆ ನಿಂತರು.

ಚಳಿಗಾಲ ತೊಗರಿ ಕೊಯ್ಲಿನಲ್ಲಿ ಕಳೆಯಿತು. ಪುಸ್ತಕವಿಲ್ಲದಿದ್ದರೂ ಆ ಕಟ್ಟೆಯ ಪುರಾಣ ನಿಲ್ಲಲಿಲ್ಲ. ಐಸೂರಿ ಬರಿ ಅಂಗೈಯನ್ನು ಪುಸ್ತಕದಂತೆ ಬಿಡಿಸಿ ಹಿಡಿದು, ಬೆರಳಿಟ್ಟು, "ಕ... ಪ್ಪೆ... ರಾ... ಯ" ಎಂದು ಉಸಿರೆಳೆದು ಓದುತ್ತಿದ್ದಳು, ದೇವಮ್ಮ ಅರ್ಥ ಹೇಳುತ್ತಿದ್ದಳು. ಒಂದು ದಿನ ನಾನು ಹತ್ತಿರ ಕುಳಿತು, "ಕಪ್ಪೆರಾಯ" ಎಂದು ಸಲೀಸಾಗಿ ಹೇಳಿದರೆ, ಅವಳು ಈ ಟೀಚರಿಗೆ ಓದಲು ಬರುವುದಿಲ್ಲ ಎಂಬಂತೆ ತಲೆ ಅಲ್ಲಾಡಿಸಿದಳು. ಮಾಳಪ್ಪ ಆಗೀಗ ಫೋನ್ ಮಾಡುತ್ತಿದ್ದ. ಐಸೂರಿ ಫೋನ್ ಕಂಡರೆ ಎಂದಿನಂತೆ ಓಟ. ಒಮ್ಮೆ ದೇವಮ್ಮ ನನ್ನ ಕೈಗೆ ಕೊಟ್ಟಳು.

"ಕಕ್ಕೇರಾ ಕಡೆ ಒಂದು ಹೊಲದಾಗ ಕುರಿ ನಿಲ್ಲಿಸೀವ್ರಿ ಟೀಚರ್ರಿ. ಕುರಿ ಮೇಯೋವಾಗ ದಿನಾ ಓದಾಕತ್ತೇನಿ. ಈಗ ಎಲ್ಲೂ ತಡಿಯಂಗಿಲ್ಲ, ಗಾಡಿ ಹೋದಂಗ ಹೋಗತದ! ಆಕಿಗೆ ಹೇಳಬ್ಯಾಡ್ರಿ. ಬಂದ ಮ್ಯಾಲೆ ಎದರಿಗೆ ಕೂಡಿಸಿ ಓದತೀನಿ. ನಮ್ಮಪ್ಪ ಎಂಥಾ ಶಾಣ್ಯಾ ಅನಬೇಕು."

ನಾನು ಯಾರಿಗೂ ಹೇಳಲಿಲ್ಲ. ನನ್ನಂಥವಳಿಗೆ ಅದು ಎಂಥ ಶಿಕ್ಷೆ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

ಯುಗಾದಿಗೆ ಮುಂಚೆ, ಬಿಸಿಲು ಕಾದು ಬೇವು ಚಿಗುರಿದ ಒಂದು ಸಂಜೆ, ಕುರಿಗಳ ಗಂಟೆಯ ಸದ್ದು ಕೇಳಿತು. ಶಾಲೆಗೆ ಬೀಗ ಹಾಕುತ್ತಿದ್ದವಳು ಓಡಿದೆ. ಓಣಿಯವರೆಲ್ಲ ನನಗಿಂತ ಮೊದಲೇ ಅಲ್ಲಿದ್ದರು. ಮಾಳಪ್ಪ ಬಡವಾಗಿದ್ದ, ಕಪ್ಪಾಗಿದ್ದ, ಗಡ್ಡ ಬೆಳೆದಿತ್ತು. ಐಸೂರಿ ದೇವಮ್ಮನ ಸೀರೆಯ ಹಿಂದಿನಿಂದ ಒಂದೇ ಕಣ್ಣು ಹೊರಗೆ ಹಾಕಿ ನೋಡುತ್ತಿದ್ದಳು.

"ಯಾರು ಬಂದಾರ ಹೇಳ ನೋಡೂಣು?" ಎಂದು ದೇವಮ್ಮ ಅವಳನ್ನು ಮುಂದಕ್ಕೆ ತಂದಳು. ಹುಡುಗಿ ಮತ್ತೆ ಹಿಂದಕ್ಕೆ ಸರಿದಳು.

ಮಾಳಪ್ಪ ಎದೆಗುಂದಲಿಲ್ಲ. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ ತೆಗೆದು, ಕಟ್ಟೆಯ ಮೇಲೆ ಕುಳಿತು, ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಏನು ಓದು ಅದು! ಒಂದು ಕಡೆ ತಡೆಯಲಿಲ್ಲ. ಕಪ್ಪೆರಾಯ, ಇರುವೆ, ಕೋಳಿ, ಛತ್ರಿ, ಎಲ್ಲ ಒಂದರ ಹಿಂದೊಂದು ಹರಿದು ಬಂದವು. ಅಯ್ನೋರು "ಶಾಬಾಸ್!" ಎಂದು ತೊಡೆ ತಟ್ಟಿದರು. ನಾನು ಚಪ್ಪಾಳೆ ಹೊಡೆದೂ ಹೊಡೆದೂ ಅಂಗೈ ಕೆಂಪಾಯಿತು. ಮಾಳಪ್ಪ ಗೆದ್ದ ಮುಖ ಮಾಡಿ ಮಗಳ ಕಡೆ ತಿರುಗಿದ.

ಸೀರೆಯ ಹಿಂದಿನಿಂದ ಸಣ್ಣ ದನಿ ಬಂತು. "ಇಂವ ನಮ್ಮಪ್ಪ ಅಲ್ಲ. ನಮ್ಮಪ್ಪ ಹಿಂಗ ಓದಂಗಿಲ್ಲ."

ಮಾಳಪ್ಪನ ಮುಖದ ನಗು ಅಲ್ಲೇ ಇಳಿದುಹೋಯಿತು. ಅವನು ಮೊದಲ ಪುಟಕ್ಕೆ ತಿರುಗಿದ, ಬೆರಳನ್ನು ಮೊದಲ ಅಕ್ಷರದ ಕೆಳಗೆ ಇಟ್ಟ, ಉಸಿರೆಳೆದುಕೊಂಡ.

"ಒಂ... ದು... ಊ... ರಿ... ನ..."

ಐಸೂರಿಯ ಎರಡನೆಯ ಕಣ್ಣೂ ಹೊರಗೆ ಬಂತು.

"ಕ... ಪ್ಪೆ..."

"ಅಪ್ಪಾ!"

ಅವಳು ಹೇಗೆ ಓಡಿದಳೋ ನಾನು ಕಾಣಲಿಲ್ಲ, ಕಂಡಾಗ ಅವನ ತೊಡೆಯ ಮೇಲಿದ್ದಳು. ಗಡ್ಡದ ಗಲ್ಲಕ್ಕೆ ತಲೆ ಆನಿಸಿ ಪುಸ್ತಕದೊಳಗೆ ಮುಖ ಹಾಕಿದ್ದಳು. ಅಯ್ನೋರು ಹೆಗಲ ಮೇಲಿನ ಉಪರಣೆಯಿಂದ ಕಣ್ಣು ಒರೆಸಿಕೊಂಡರು. ಮಾಳಪ್ಪ ಖುಷಿಯಲ್ಲಿ ಮರೆತು ಎರಡನೆಯ ಪುಟವನ್ನು ಸರಸರ ಓದಿಬಿಟ್ಟ. ಐಸೂರಿ ಅವನ ಕೈಗೆ ಪಟ್ಟನೆ ಹೊಡೆದಳು.

"ಹಂಗಲ್ಲಪ್ಪ, ಬರೋಬ್ಬರಿ ಓದು!"

"ಹೌದವ್ವ, ತಪ್ಪಾತು" ಎಂದು ಮಾಳಪ್ಪ ಪುಟ ಹಿಂದಕ್ಕೆ ತಿರುಗಿಸಿದ. ಅಷ್ಟು ತಿಂಗಳು ಕುರಿಗಳ ಹಿಂದೆ ನಡೆದು ಕಲಿತದ್ದನ್ನೆಲ್ಲ ಅವನು ಆ ಸಂಜೆ ಕಟ್ಟೆಯ ಮೇಲೆ ಕುಳಿತು, ಒಂದೊಂದೇ ಅಕ್ಷರವಾಗಿ, ನಗುನಗುತ್ತ ಮರೆತ.